ಹುಳದ್ಮನೆಗೆ ಇರೋ ರೂಲ್ಸು ಅಜ್ಜಿ ಮನೆಗೆ ಯಾಕಿಲ್ಲ? ನಮ್ಮ ಎಂಪಿ ಸಾರ್‌ಗಳಿಗೆ ಒಂದು ಬಹಿರಂಗ ಪತ್ರ

ಎಂಪಿ ಸಾರ್‌ಗಳಿಗೆ ನಮಸ್ಕಾರ,

ಇಬ್ರಿಗೂ ಸೇರಿಸಿ ಒಂದೇ ಪತ್ರ ಬರೀತಿದೀನಿ, ಬೇಜಾರ್ ಮಾಡ್ಕೋಬೇಡಿ. ನಮ್ಮೂರ ಕತೆನೇ ಹಂಗೆ ಸಾರ್, ಶಿಡ್ಲಘಟ್ಟ ಇರೋದು ಚಿಕ್ಕಬಳ್ಳಾಪುರ ಜಿಲ್ಲೇಲಿ, ಲೋಕಸಭೆಗೆ ಓಟು ಹಾಕೋದು ಮಾತ್ರ ಕೋಲಾರಕ್ಕೆ. ಡಿಸಿ ಸಾಹೇಬ್ರನ್ನ ನೋಡ್ಬೇಕಂದ್ರೆ ಒಂದ್ ಕಡೆ ಬಸ್ಸು, ಎಂಪಿ ಸಾಹೇಬ್ರನ್ನ ನೋಡ್ಬೇಕಂದ್ರೆ ಇನ್ನೊಂದ್ ಕಡೆ ಬಸ್ಸು. ಅದಕ್ಕೆ ಕೋಲಾರದೋರಿಗೂ ಚಿಕ್ಕಬಳ್ಳಾಪುರದೋರಿಗೂ ಒಟ್ಟಿಗೆ ಬರೀತಿರೋದು, ಇಬ್ರಲ್ಲಿ ಒಬ್ರು ಕೊನೇವರ್ಗೂ ಓದಿದ್ರೂ ನನ್ ಕೆಲ್ಸ ಆಯ್ತು.

ನಾನು ಬಸ್‌ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗ್ಡಿ ಇಟ್ಕೊಂಡಿದೀನಿ, ಬೋರ್ಡ್ ಮೇಲೆ ಆನ್‌ಲೈನ್ ಸೆಂಟರ್ ಅಂತಿದೆ. ಪಹಣಿ, ಜಾತಿ ಆದಾಯ ಸರ್ಟಿಫಿಕೇಟು, ರೇಷನ್ ಕಾರ್ಡಿಗೆ ಸೊಸೆ ಹೆಸರು ಸೇರ್ಸೋದು, ಆಧಾರ್‌ಗೆ ಫೋನ್ ನಂಬರ್ ಲಿಂಕು, ಇದೇ ದಿನಾ. ಹನ್ನೊಂದು ವರ್ಷ ಆಯ್ತು. ಸರ್ಕಾರದ ಅರ್ಜಿಗಳಲ್ಲಿ ಯಾವ ಕಾಲಂ ಎಲ್ಲಿದೆ ಅನ್ನೋದು ಕಣ್ಮುಚ್ಚಿ ಹೇಳ್ತೀನಿ, ಯಾವ ಅರ್ಜಿ ಎಲ್ಲಿ ಹೋಗಿ ಸಾಯುತ್ತೆ ಅನ್ನೋದೂ ಅಂದಾಜಿದೆ.

ವರ್ಷಕ್ಕೆ ನಾಕೈದು ಸಲ ಒಬ್ರು ಅಜ್ಜಿ ಬರ್ತಾರೆ. ಪ್ಲಾಸ್ಟಿಕ್ ಕವರೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರು, ರೇಷನ್ ಕಾರ್ಡು, ಪಾಸ್‌ಬುಕ್ಕು, ಹಳೇ ಅರ್ಜಿಗಳ ಸ್ವೀಕೃತಿ ಚೀಟಿಗಳು. ಅದ್ರಲ್ಲಿ ಎರಡು ಚೀಟಿ ಅಕ್ಷರ ಎಲ್ಲ ಹಾರಿಹೋಗಿ ಬರೀ ಬಿಳೀ ಕಾಗದ ಆಗಿವೆ, ಆದ್ರೂ ಅವನ್ನ ಬಿಸಾಕಲ್ಲ. "ಏಂ ನಾಯ್ನಾ, ಲಿಸ್ಟುಲೋ ನಾ ಪೇರು ವಚ್ಚಿಂದಾ" ಅಂತ ಕೇಳ್ತಾರೆ. ನಮ್ ಕಡೆ ಮನೇಲಿ ತೆಲುಗು, ಅಂಗ್ಡೀಲಿ ಕನ್ನಡ, ಬೈಯೋಕೆ ಎರಡೂ, ನಿಮಗೂ ಗೊತ್ತಿರೋದೇ. ಮನೆ ಲಿಸ್ಟಲ್ಲಿ ಹೆಸರು ಬಂತಾ ಅಂತ ಕೇಳ್ತಿರೋದು. ನಾನು ನೋಡ್ತೀನಿ, ಇಲ್ಲಜ್ಜಿ ಅಂತೀನಿ, ಹತ್ತು ರೂಪಾಯಿ ತೆಗೀತಾರೆ, ಬೇಡ ಅಂತೀನಿ, ಟೇಬಲ್ ಮೇಲಿಟ್ಟೇ ಹೋಗ್ತಾರೆ.

ಅಜ್ಜಿ ಹುಳದ್ಮನೇಲಿ ಕೂಲಿಗೆ ಹೋಗ್ತಾರೆ. ಬೇರೆ ಕಡೆ ಓದೋರಿಗೆ ಹೇಳ್ಬೇಕು, ಹುಳದ್ಮನೆ ಅಂದ್ರೆ ರೇಷ್ಮೆ ಹುಳ ಸಾಕೋ ಮನೆ, ಶಿಡ್ಲಘಟ್ಟ ಅಂದ್ರೇನೇ ರೇಷ್ಮೆ ಗೂಡಿನ ಮಾರ್ಕೆಟ್ಟು. ಬೆಳಗಿನ ಜಾವ ಎದ್ದು ಸೊಪ್ಪು ಕಡಿಯೋದು, ಹುಳಕ್ಕೆ ಹಾಕೋದು, ಹಾಸಿಗೆ ಕಸ ತೆಗೆಯೋದು, ಹುಳ ಹಣ್ಣಾದಾಗ ಒಂದೊಂದೇ ಆರಿಸಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ತಟ್ಟೆಗೆ, ಬಿಡೋದು. ಅವ್ರು ಕೆಲ್ಸ ಮಾಡೋ ಹುಳದ್ಮನೆ ಒಳಗೆ ನಾನೊಂದ್ಸಲ ಹೋಗಿದ್ದೆ, ಓನರ್ರು ಸಬ್ಸಿಡಿ ಅರ್ಜಿಗೆ ಫೋಟೋ ತೆಗೀಬೇಕು ಬಾ ಅಂತ ಕರೆದಿದ್ರು. ಬಾಗ್ಲಲ್ಲೇ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲು ಅದ್ದಿಸಿದ್ರು, ಚಪ್ಲಿ ಹೊರಗೆ. ಗೋಡೆಗೆ ಸುಣ್ಣ, ಕೆಳಗೊಂದು ಸಾಲು ಗಾಳಿ ಕಿಂಡಿ, ಸೂರಿನ ಹತ್ರ ಇನ್ನೊಂದು ಸಾಲು, ಯಾಕಂದ್ರೆ ಬಿಸಿಗಾಳಿ ಮೇಲಿಂದ ಹೋಗ್ಬೇಕು ತಂಪು ಕೆಳಗಿಂದ ಬರ್ಬೇಕು. ಕಿಟಕಿಗೆಲ್ಲ ಹುಳದ ಮೇಲೆ ಮೊಟ್ಟೆ ಇಟ್ಟು ಸಾಯಿಸೋ ಊಜಿ ನೊಣ ಬರ್ದಂಗೆ ನೈಲಾನ್ ಮೆಷ್ಷು. ಗೋಡೆ ಮೇಲೆ ಥರ್ಮಾಮೀಟರು. ಚಾಕಿ ಹುಳಕ್ಕೆ, ಅಂದ್ರೆ ಮರಿಹುಳಕ್ಕೆ, 27, 28 ಡಿಗ್ರಿ, ಬೆಳೆದ ಹುಳಕ್ಕೆ 24, 25, ತೇವಾಂಶ ನೂರಕ್ಕೆ 70 ದಾಟಿರ್ಬೇಕು, ಕಮ್ಮಿ ಆದ್ರೆ ಗೋಣಿಚೀಲ ಒದ್ದೆ ಮಾಡಿ ತೂಗಾಕ್ತಾರೆ. ಇಷ್ಟು ಹುಳಕ್ಕೆ ಇಷ್ಟು ಜಾಗ ಅಂತ ಲೆಕ್ಕ, ಒತ್ತೊತ್ತಾಗಿ ಬಿದ್ರೆ ರೋಗ ಬರುತ್ತೆ. ಹುಳ ಜ್ವರಕ್ಕೆ ಕೂತಾಗ, ಅಂದ್ರೆ ಪೊರೆ ಬಿಡುವಾಗ, ಸದ್ದು ಮಾಡೋ ಹಂಗಿಲ್ಲ, ಮುಟ್ಟೋ ಹಂಗಿಲ್ಲ.

ಇಂಥ ಮನೆ ಕಟ್ಕೊಳ್ಳೋಕೆ ಸರ್ಕಾರ ಸಬ್ಸಿಡಿ ಕೊಡುತ್ತೆ, ಕೊಡ್ಬೇಕು ಕೂಡ, ನನಗೇನ್ ಹೊಟ್ಟೆಕಿಚ್ಚಿಲ್ಲ, ಆ ಹುಳದಿಂದನೇ ಈ ತಾಲ್ಲೂಕು ಉಣ್ಣುತ್ತೆ, ನನ್ ಜೆರಾಕ್ಸ್ ಮಿಷನ್ನೂ ಅದ್ರಿಂದನೇ ಓಡೋದು. ಆದ್ರೆ ಅವತ್ತು ಫೋಟೋ ತೆಗೆದು ವಾಪಸ್ ಬರ್ಬೇಕಾದ್ರೆ ದಾರೀಲಿ ಅಜ್ಜಿ ಮನೆ ಸಿಕ್ತು, ನೀರು ಕುಡಿದು ಹೋಗು ಅಂತ ಕರೆದ್ರು, ಒಳಗೆ ಬಗ್ಗಿ ಹೋಗಿ ಕೂತೆ ನೋಡಿ, ಅವಾಗ ಶುರುವಾಯ್ತು ಈ ಲೆಕ್ಕ ನನ್ ತಲೇಲಿ.

ಮೊದ್ಲು ಅದು ಮಣ್ಣಿನ ಗೋಡೆ ಮನೆ. ಕೆರೆ ಕೋಡಿ ಪಕ್ಕ ಇರೋದು, ಅವ್ರ ಅತ್ತೆ ಕಾಲದಿಂದ. 2021ರ ನವೆಂಬರ್‌ನಲ್ಲಿ ಮಳೆ ಹುಯ್ತಲ್ಲ ಸಾರ್, ಕೋಲಾರ ಚಿಕ್ಕಬಳ್ಳಾಪುರದ ಕೆರೆಗಳೆಲ್ಲ ಎಷ್ಟೋ ವರ್ಷ ಆದ್ಮೇಲೆ ತುಂಬಿ ಕೋಡಿ ಹರಿದ್ವಲ್ಲ, ಊರೂರಲ್ಲಿ ಬಾಗಿನ ಬಿಟ್ರಲ್ಲ, ಅವತ್ತೇ ಅಜ್ಜಿ ಮನೆ ಹಿಂದಿನ ಗೋಡೆ ಕೂತ್ಕೊಂತು. ಸಾವಿರದೈನೂರು ಅಡಿ ಬೋರು ಕೊರೆದ್ರೂ ನೀರು ಸಿಗದ ಊರಲ್ಲಿ ಕೆರೆ ತುಂಬೋದು ಹಬ್ಬನೇ, ಅಜ್ಜಿನೂ ಬೆಳಗ್ಗೆ ಕೋಡಿಗೆ ಅರಿಶಿನ ಕುಂಕುಮ ಹಾಕಿ ಬಂದಿದ್ರಂತೆ, ರಾತ್ರಿ ಗೋಡೆ ಬಿತ್ತು. ಪರಿಹಾರದ ಸರ್ವೆಗೆ ಬಂದ್ರು, ಎ ಅಂತಾರೆ ಬಿ ಅಂತಾರೆ ಸಿ ಅಂತಾರೆ, ಪೂರ್ತಿ ಬಿದ್ದಿದ್ರೆ ಒಂದು, ಅರ್ಧ ಬಿದ್ದಿದ್ರೆ ಒಂದು. ಅಜ್ಜಿದು ಯಾವುದಕ್ಕೂ ಬರ್ಲಿಲ್ಲ, ಜಾಗದ ದಾಖಲೆ ಇಲ್ಲ ಅಂತ. ಈಗ ನಾಕು ಕಡೆ ತಗಡು, ಮೇಲೂ ತಗಡು, ತಗಡು ಹಾರದಂಗೆ ಮೇಲೆ ಕಲ್ಲು, ಹಳೇ ಟೈರು. ಹತ್ತಡಿ ಹನ್ನೆರಡಡಿ ಇರಬಹುದು. ಅಜ್ಜಿ, ಮಗಳು, ಇಬ್ರು ಮೊಮ್ಮಕ್ಳು. ಕಿಟಕಿ ಇಲ್ಲ. ಬಾಗಿಲು ತೆಗೆದ್ರೆ ಬೆಳಕು, ಹಾಕಿದ್ರೆ ಕತ್ಲು.

ಅಜ್ಜಿ ಹೆಸರು ಲಿಸ್ಟಲ್ಲಿ ಯಾಕೆ ಬರಲ್ಲ ಅನ್ನೋದು ನನಗೆ ಗೊತ್ತು, ಪ್ರತಿಸಲ ಹೇಳೋಕೆ ಬಾಯಿ ಬರಲ್ಲ ಅಷ್ಟೇ. ಮನೆ ಸ್ಕೀಮಿಗೆ ಅರ್ಜಿ ಹಾಕ್ಬೇಕಂದ್ರೆ ನಿವೇಶನ ಇರ್ಬೇಕು. ನಿವೇಶನ ನಿಂದು ಅನ್ನೋಕೆ ಹಕ್ಕುಪತ್ರ ಬೇಕು, ಇಲ್ಲಾ ಇ-ಸ್ವತ್ತು, ಅಂದ್ರೆ ಪಂಚಾಯಿತಿ ಆನ್‌ಲೈನ್ ಆಸ್ತಿ ದಾಖಲೆ, ಬೇಕು. ಸರ್ಕಾರಿ ಜಾಗದಲ್ಲಿ ಮನೆ ಕಟ್ಕೊಂಡಿರೋರಿಗೆ ಭೂಕಂದಾಯ ಕಾಯ್ದೇಲಿ ಹಳ್ಳಿಗೆ 94ಸಿ, ಟೌನಿಗೆ 94ಸಿಸಿ ಅಂತ ಸೆಕ್ಷನ್ ಇದೆ, ಅದ್ರಲ್ಲಿ ಸಕ್ರಮ ಮಾಡ್ಕೋಬಹುದು, ಆದ್ರೆ ಜಾಗ ಕೆರೆಗೆ ಸೇರಿದ್ರೆ ಆಗಲ್ಲ. ಬೇರೆ ಕಡೆ ನಿವೇಶನ ಕೊಡಿ ಅಂದ್ರೆ ಜಾಗ ಗುರುತಿಸ್ತಾ ಇದೀವಿ ಅಂತಾರೆ. ಗುರುತಿಸ್ತಾನೇ ಇದಾರೆ. ಅಂದ್ರೆ ಮನೆ ಇಲ್ದೋರಿಗೆ ಮನೆ ಸ್ಕೀಮು, ಆದ್ರೆ ಜಾಗನೂ ಇಲ್ದೋರಿಗೆ ಅದೂ ಇಲ್ಲ. ಬರೀ ಕೈಯೋರು ಅರ್ಜಿ ಹಾಕೋ ಹಂಗಿಲ್ಲ.

ಜಾಗ ಇದ್ದೋರ ಕತೆ ಕೇಳಿ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲುಸೀಮೆಗೆ ಒಂದು ಮನೆಗೆ 1.20 ಲಕ್ಷ, ಅದ್ರಲ್ಲಿ ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. 2016ರಲ್ಲಿ ಸ್ಕೀಮ್ ಶುರುವಾದಾಗ ನಿಗದಿ ಮಾಡಿದ ದುಡ್ಡು ಅದು, ಇವತ್ತಿಗೂ ಅಷ್ಟೇ. ಅವತ್ತಿನ ಸಿಮೆಂಟ್ ರೇಟು ಇವತ್ತಿದೆಯಾ, ಅವತ್ತಿನ ಗಾರೆ ಮೇಸ್ತ್ರಿ ಕೂಲಿ ಇವತ್ತಿದೆಯಾ ನೀವೇ ಹೇಳಿ. ಅದೂ ಒಟ್ಟಿಗೆ ಬರಲ್ಲ, ತಳಪಾಯ ಹಾಕಿ ಫೋಟೋ, ಲಿಂಟಲ್‌ಗೆ ಬಂದು ಫೋಟೋ, ಛಾವಣಿ ಹಾಕಿ ಫೋಟೋ, ಪ್ರತಿಯೊಂದಕ್ಕೂ ಜಿಪಿಎಸ್ಸು. ಮೊದಲ ಕಂತು ಬರೋಕೆ ಮುಂಚೆ ತಳಪಾಯಕ್ಕೆ ಸಾಲ ಮಾಡಿರ್ತಾರೆ, ಎರಡನೇದು ಲೇಟಾದ್ರೆ ಬಡ್ಡಿ ಬೆಳೆಯುತ್ತೆ, ನಮ್ ಕಡೆ ಹಳ್ಳಿಗಳಲ್ಲಿ ಲಿಂಟಲ್ ಮಟ್ಟಕ್ಕೆ ನಿಂತು ಒಳಗೆ ಜಾಲಿ ಗಿಡ ಬೆಳೆದಿರೋ ಮನೆಗಳನ್ನ ಬೇಕಾದ್ರೆ ತೋರಿಸ್ತೀನಿ. ಆ ಲಿಸ್ಟು ಯಾವ್ದು ಅಂದ್ರೆ 2011ರ ಸಾಮಾಜಿಕ ಆರ್ಥಿಕ ಸಮೀಕ್ಷೆದು, ಬಿಟ್ಟುಹೋದೋರಿಗೆ ಆಮೇಲೆ ಬೇರೆ ಸರ್ವೆ. 2011ರಲ್ಲಿ ಹುಟ್ಟಿದ ಹುಡ್ಗ ಈಗ ನನ್ ಅಂಗ್ಡಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೆರಾಕ್ಸಿಗೆ ಬರ್ತಾನೆ.

ನಾನು ಸ್ಕೀಮನ್ನ ಬೈತಾ ಇಲ್ಲ ಸಾರ್. ಇಂದಿರಾ ಆವಾಸ್ 1985ರಲ್ಲಿ ಶುರುವಾಯ್ತು, ನಮ್ ರಾಜ್ಯದ ಆಶ್ರಯ ಯೋಜನೆ 90ರ ದಶಕದಲ್ಲಿ, ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ಇವೆಲ್ಲ ಇಲ್ದಿದ್ರೆ ಈಗಿರೋ ಎಷ್ಟೋ ಆರ್‌ಸಿಸಿ ಸೂರು ಇರ್ತಾನೇ ಇರ್ಲಿಲ್ಲ. ನಮ್ ಅಪ್ಪನ ಮನೆನೂ ಆಶ್ರಯ ಮನೆನೇ. ಆದ್ರೆ ಸ್ಕೀಮು ಅಂದ್ರೆ ಕೊಟ್ರೆ ಕೊಟ್ರು ಇಲ್ದಿದ್ರೆ ಇಲ್ಲ. ಈ ವರ್ಷ ಪಂಚಾಯಿತಿಗೆ ಹತ್ತು ಮನೆ ಬಂದ್ರೆ ಹತ್ತು, ಹನ್ನೊಂದನೇಯೋರು ಯಾರ್ನ ಕೇಳ್ಬೇಕು? ಯಾರ್ನೂ ಕೇಳೋ ಹಂಗಿಲ್ಲ. ನನ್ ಅಂಗ್ಡೀಲಿ ಕೂತು ನೋಡಿದ್ರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ರೆ 30 ದಿನ, ಉತ್ತರ ಬರ್ಲಿಲ್ಲ ಅಂದ್ರೆ ಮೇಲ್ಮನವಿ, ದಂಡ, ಯಾಕಂದ್ರೆ 2005ರ ಕಾನೂನಿದೆ. ಅದೇ ವರ್ಷ ಉದ್ಯೋಗ ಖಾತ್ರಿ ಕಾಯ್ದೆ ಬಂತು, 2006ರಲ್ಲಿ ಅರಣ್ಯ ಹಕ್ಕು, 2009ರಲ್ಲಿ ಶಿಕ್ಷಣ ಹಕ್ಕು, 2013ರಲ್ಲಿ ಆಹಾರ ಭದ್ರತೆ. ಅಕ್ಕಿ ಕೊಡ್ಲಿಲ್ಲ ಅಂದ್ರೆ ಅಜ್ಜಿ ನ್ಯಾಯಬೆಲೆ ಅಂಗ್ಡಿ ಮುಂದೆ ನಿಂತು ಜಗಳ ಆಡ್ತಾರೆ, ನಾನೇ ನೋಡಿದೀನಿ, ಅದೇ ಅಜ್ಜಿ ಮನೆ ವಿಷ್ಯಕ್ಕೆ ಬಂದ್ರೆ ಕವರ್ ಎದೆಗವಚಿಕೊಂಡು ನಿಧಾನಕ್ಕೆ ಬರ್ತಾರೆ. ಅಕ್ಕಿ ತನ್ನದು ಅಂತ ಅವ್ರಿಗೆ ಗೊತ್ತು. ಮನೆ ಯಾರೋ ಕೊಡೋದು.

ಇದೆಲ್ಲ ನಿಮಗೆ ಹೇಳೋಷ್ಟು ದೊಡ್ಡೋನಲ್ಲ ನಾನು, ಆದ್ರೂ ಓದ್ಕೊಂಡಿದೀನಿ, ರಾತ್ರಿ ಅಂಗ್ಡಿ ಶಟರ್ ಅರ್ಧ ಎಳೆದು ಓದ್ತೀನಿ. 1948ರ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ, 25ನೇ ವಿಧಿ, ಊಟ ಬಟ್ಟೆ ಜೊತೇಲಿ ಮನೆನೂ ಇದೆ. 1966ರಲ್ಲಿ ಆರ್ಥಿಕ ಸಾಮಾಜಿಕ ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆ ಬಂತು, ಅದರ 11ನೇ ವಿಧೀಲಿ ತಕ್ಕುದಾದ ಮನೆ ಪ್ರತಿಯೊಬ್ಬರ ಹಕ್ಕು ಅಂತಿದೆ, ಭಾರತ ಅದಕ್ಕೆ ಸೇರಿದ್ದು 1979ರ ಏಪ್ರಿಲ್ 10ಕ್ಕೆ. ನಾನು ಹುಟ್ಟೋಕೂ ಮುಂಚೆ ನಮ್ ದೇಶ ಒಪ್ಪಿಕೊಂಡಿರೋ ಮಾತು ಇದು. ತಕ್ಕುದು ಅಂದ್ರೆ ಏನು ಅಂತ 1991ರಲ್ಲಿ ಆ ಒಡಂಬಡಿಕೆ ನೋಡ್ಕೊಳ್ಳೋ ವಿಶ್ವಸಂಸ್ಥೆ ಸಮಿತಿಯೋರು ಬಿಡಿಸಿ ಬರೆದ್ರು, ಏಳು ವಿಷ್ಯ ಹೇಳ್ತಾರೆ. ಯಾರೂ ದಿಢೀರಂತ ಎಬ್ಬಿಸದಂಗೆ ಕಾನೂನಿನ ರಕ್ಷಣೆ, ನೀರು ಶೌಚಾಲಯ ಕರೆಂಟು, ಹೊಟ್ಟೆ ಕಟ್ಟದಂಗೆ ಖರ್ಚು, ಒಳಗೆ ಚಳಿ ಬಿಸಿಲು ಮಳೆ ರೋಗ ತಡಿಯೋ ಗೋಡೆ ಸೂರು, ವಯಸ್ಸಾದೋರಿಗೆ ಅಂಗವಿಕಲರಿಗೆ ಅನುಕೂಲ, ಕೆಲ್ಸಕ್ಕೆ ಆಸ್ಪತ್ರೆಗೆ ಸ್ಕೂಲಿಗೆ ಹತ್ರ ಇರೋ ಜಾಗ, ಅವ್ರವ್ರ ಬದುಕಿನ ರೀತಿಗೆ ಹೊಂದೋದು. ಇದನ್ನ ಓದ್ತಾ ಓದ್ತಾ ನನಗೆ ಹುಳದ್ಮನೆನೇ ಕಣ್ಮುಂದೆ ಬಂತು ಸಾರ್, ಗಾಳಿ, ಜಾಗ, ತೇವ, ರೋಗ, ಸೊಪ್ಪಿನ ತೋಟಕ್ಕೆ ಹತ್ರ, ಎಲ್ಲ ಲೆಕ್ಕನೂ ಅಲ್ಲಿದೆ. ಅಜ್ಜಿ ಮನೆಗೆ ಹಾಕಿ ನೋಡಿದೆ, ಕೆಲ್ಸಕ್ಕೆ ಹತ್ರ ಅನ್ನೋದೊಂದೇ ಪಾಸಾಗಿದ್ದು.

ನಮ್ ಸುಪ್ರೀಂ ಕೋರ್ಟೂ ಹೇಳಿದೆ, ಹೇಳಿಲ್ಲ ಅಂತಲ್ಲ. 1985ರಲ್ಲಿ ಬಾಂಬೆ ಫುಟ್‌ಪಾತ್ ಮೇಲಿದ್ದೋರ ಕೇಸು, ಓಲ್ಗಾ ಟೆಲಿಸ್ ಕೇಸು ಅಂತಾರೆ, ಸಂವಿಧಾನದ 21ನೇ ವಿಧಿ ಜೀವಿಸೋ ಹಕ್ಕಲ್ಲಿ ಜೀವನೋಪಾಯನೂ ಸೇರಿದೆ ಅಂದ್ರು, ಒಳ್ಳೇ ಮಾತು, ಆದ್ರೆ ಕೊನೇಲಿ ಆ ವರ್ಷದ ಮಳೆಗಾಲ ಕಳೆದು ಅಕ್ಟೋಬರ್ 31ರವರ್ಗೂ ಎಬ್ಬಿಸ್ಬೇಡಿ ಅಂತ ಟೈಮ್ ಕೊಟ್ರು ಅಷ್ಟೇ. 1990ರಲ್ಲಿ ಶಾಂತಿಸ್ಟಾರ್ ಬಿಲ್ಡರ್ಸ್ ಕೇಸಲ್ಲಿ ಬಂದ ಮಾತು ನನಗೆ ಮರೆಯೋಕೇ ಆಗಲ್ಲ. ಪ್ರಾಣಿಗೆ ಬೇಕಾದ ಆಸರೆನೇ ಬೇರೆ ಮನುಷ್ಯನಿಗೆ ಬೇಕಾದ್ದೇ ಬೇರೆ, ಪ್ರಾಣಿಗೆ ಮೈ ಕಾಪಾಡಿದ್ರೆ ಸಾಕು, ಮನುಷ್ಯನಿಗೆ ಮೈ ಮನಸ್ಸು ಬುದ್ಧಿ ಎಲ್ಲ ಬೆಳೆಯೋ ಥರ ಇರ್ಬೇಕು ಅನ್ನೋ ಅರ್ಥದಲ್ಲಿ ಹೇಳಿದಾರೆ. ಆ ಜಡ್ಜ್ ಸಾಹೇಬ್ರು ಶಿಡ್ಲಘಟ್ಟಕ್ಕೆ ಬಂದಿದ್ರೆ ಮಾತು ತಿರುವುಮುರುವು ಆಗ್ತಿತ್ತೇನೋ. 1995ರ ಚಮೇಲಿ ಸಿಂಗ್ ಕೇಸಲ್ಲಿ ಇನ್ನೂ ಬಿಡಿಸಿ ಹೇಳಿದ್ರು, ಸಾಕಷ್ಟು ಜಾಗ, ಗಟ್ಟಿ ಕಟ್ಟಡ, ಬೆಳಕು, ಶುದ್ಧ ಗಾಳಿ ನೀರು, ಕರೆಂಟು, ರಸ್ತೆ. ಅದು ಉತ್ತರ ಪ್ರದೇಶದಲ್ಲಿ ದಲಿತರ ಮನೆಗೋಸ್ಕರ ಜಮೀನು ಸ್ವಾಧೀನ ಮಾಡ್ಕೊಂಡಿದ್ದ ಕೇಸು, ಜಮೀನಿನೋರು ಬೇಡ ಅಂತ ಹೋಗಿದ್ರು, ಕೋರ್ಟ್ ಸ್ವಾಧೀನ ಸರಿ ಅಂತು.

2024ರ ನವೆಂಬರ್ 13ಕ್ಕೆ, ಆರೋಪಿಗಳ ಮನೆ ಕೆಡವ್ತಿದ್ದ ಬುಲ್ಡೋಜರ್ ಕೇಸಲ್ಲೂ ಸುಪ್ರೀಂ ಕೋರ್ಟ್ ತೀರ್ಪು ಬಂತು, ನೋಟಿಸ್ ಕೊಟ್ಟು 15 ದಿನ ಬಿಡ್ದೆ ಕೆಡವಂಗಿಲ್ಲ ಅಂತ. ವಾಟ್ಸಾಪಲ್ಲಿ ಎಲ್ರೂ ಫಾರ್ವರ್ಡ್ ಮಾಡಿದ್ರು, ನಾನೂ ಮಾಡಿದೆ, ಆಮೇಲೆ ಪೂರ್ತಿ ಓದಿದಾಗ ಕೆಳಗಡೆ ಸಿಕ್ತು, ರಸ್ತೆ, ಫುಟ್‌ಪಾತು, ರೈಲ್ವೆ ಲೈನ್ ಪಕ್ಕ, ನದಿ ಕೆರೆ ಇಂಥ ಜಾಗದಲ್ಲಿರೋ ಅನಧಿಕೃತ ಕಟ್ಟಡಕ್ಕೆ ಇದು ಅನ್ವಯ ಆಗಲ್ಲ. ಕೆರೆ ಕೋಡಿ ಪಕ್ಕದ ಅಜ್ಜಿಗೆ ಆ 15 ದಿನವೂ ಇಲ್ಲ ಅಂತಾಯ್ತು. ಕೆರೆ ಉಳೀಬೇಕು ಸಾರ್, ಅದ್ರಲ್ಲಿ ಎರಡು ಮಾತಿಲ್ಲ, ವರ್ಷವೆಲ್ಲ ಹರಿಯೋ ನದಿ ಇಲ್ದ ಜಿಲ್ಲೆ ನಮ್ದು, ಕೆರೆ ಹೋದ್ರೆ ನಾವೂ ಹೋದ್ವಿ. ನಾನು ಕೇಳ್ತಿರೋದು ಅಜ್ಜಿನ ಅಲ್ಲಿಂದ ಎಬ್ಬಿಸೋಕೆ ಮುಂಚೆ ಎಲ್ಲಿಗೆ ಕರ್ಕೊಂಡು ಹೋಗ್ತೀರ ಅಂತ. ಬೆಳಗಿನ ಜಾವ ನಾಕು ಗಂಟೆಗೆ ಹುಳಕ್ಕೆ ಸೊಪ್ಪು ಹಾಕ್ಬೇಕಾದೋರನ್ನ ಹತ್ತು ಕಿಲೋಮೀಟರ್ ಆಚೆ ಗುಡ್ಡದ ಮೇಲಿನ ಲೇಔಟಿಗೆ ಹಾಕಿದ್ರೆ ಮನೆ ಸಿಕ್ಕುತ್ತೆ ಕೂಲಿ ಹೋಗುತ್ತೆ.

ಜಾಗ ಇಲ್ಲ ಅನ್ನೋ ಮಾತಿಗೆ ನಗು ಬರುತ್ತೆ ನನಗೆ. 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಬಂತು ನೋಡಿ, ಅಲ್ಲಿಂದ ಈ ಕಡೆ ಭೂಮಿ ನಮ್ ಕೈಗೆ ಸಿಗ್ಲಿಲ್ಲ. ಚಿಕ್ಕಬಳ್ಳಾಪುರ ರೋಡಲ್ಲಿ ಹೋಗಿ, ರಾಗಿ ಹೊಲ ಇದ್ದ ಕಡೆ ಆರ್ಚು, ಆರ್ಚಿನ ಮೇಲೆ ಇಂಗ್ಲಿಷ್ ಹೆಸರು, ಒಳಗೆ ಸಾಲಾಗಿ ಕಲ್ಲು ನೆಟ್ಟು ನಂಬರ್ ಬರೆದಿದಾರೆ, ಮೂವತ್ತು ನಲವತ್ತು, ನಲವತ್ತು ಅರವತ್ತು. ಮನೆ ಒಂದೂ ಇಲ್ಲ. ಕುರಿ ಮೇಯ್ತಿವೆ. ಬೆಂಗಳೂರೋರು ತಗೊಂಡು ಬಿಟ್ಟಿದಾರೆ, ರೇಟ್ ಬಂದಾಗ ಮಾರೋಕೆ. ಒಂದ್ಸಲ ಅಜ್ಜಿನೇ ಕೇಳಿದ್ರು, ಅಲ್ಲಿ ಯಾರೂ ಇಲ್ವಲ್ಲ ಆದ್ರೂ ರಾತ್ರಿಯೆಲ್ಲ ಲೈಟ್ ಯಾಕೆ ಉರಿಯುತ್ತೆ ಅಂತ.

ದುಡ್ಡಿದ್ರೂ ಮನೆ ಸಿಗಲ್ಲ ಅನ್ನೋದು ಇನ್ನೊಂದು. ಇದು ನಂದೇ ಕತೆ. ಮದುವೆ ಆದ್ಮೇಲೆ ಟೌನಲ್ಲಿ ಬಾಡಿಗೆ ಮನೆ ಹುಡುಕಿದ್ದೆ, ಫೋನಲ್ಲಿ ಎಲ್ಲ ಮಾತಾಗಿರುತ್ತೆ, ಅಡ್ವಾನ್ಸ್ ಎಷ್ಟು ಬಾಡಿಗೆ ಎಷ್ಟು ಅಂತ, ಮನೆ ನೋಡೋಕೆ ಹೋದಾಗ ಆಂಟಿ ನಗ್ತಾ ಕಾಫಿನೂ ಕೊಟ್ಟು ಕೇಳ್ತಾರೆ, "ನೀವು ಯಾವ ಜನ?" ಅಂತ. ಹೇಳಿದೆ. "ಅಯ್ಯೋ, ನಮ್ ಯಜಮಾನ್ರು ನೆನ್ನೆನೇ ಯಾರಿಗೋ ಮಾತು ಕೊಟ್ಬಿಟ್ಟಿದಾರೆ ನೋಡಿ" ಅಂದ್ರು. ಇಂಥ ಯಜಮಾನ್ರು ನನಗೆ ಆ ತಿಂಗಳು ನಾಕು ಜನ ಸಿಕ್ಕಿದ್ರು. ಐದನೇ ಮನೆಗೆ ನನ್ ಹೆಂಡ್ತಿ ಸುಳ್ಳು ಹೇಳೋಣ ಅಂದ್ಲು, ನನಗೆ ಮನಸ್ಸು ಬರ್ಲಿಲ್ಲ, ಜಗಳ ಆಯ್ತು. ಕೊನೆಗೆ ಸಿಕ್ತು, ಗೂಡಿಂದ ನೂಲು ತೆಗೆಯೋ ರೀಲಿಂಗ್ ಮಿಷನ್ ಪಕ್ಕ, ಗೂಡು ಬೇಯಿಸೋ ವಾಸ್ನೆ ದಿನಾ ಅನ್ನದ ತಟ್ಟೆವರ್ಗೂ ಬರುತ್ತೆ. ಬಾಡಿಗೆ ಕೊಡೋಕೆ ಜಾತಿ ಕೇಳ್ಬೇಡ ಅಂತ ಹೇಳೋ ಕಾನೂನು ಎಲ್ಲಿದೆ ಸಾರ್? ಅಸ್ಪೃಶ್ಯತೆ ನಿಷೇಧ ಇದೆ, ದೌರ್ಜನ್ಯ ಕಾಯ್ದೆ ಇದೆ, ಆದ್ರೆ ಕಾಫಿ ಕೊಟ್ಟು ಇಲ್ಲ ಅಂದೋರ ಮೇಲೆ ಯಾವ ಸೆಕ್ಷನ್ ಹಾಕ್ಲಿ?

ಇನ್ನೂ ಒಂದು ಹೇಳ್ಬೇಕು, ನಮ್ ಜಿಲ್ಲೆಯೋರು ಮನೆ ಬಗ್ಗೆ ಬರೆದು ಇದನ್ನ ಬಿಟ್ರೆ ತಪ್ಪಾಗುತ್ತೆ. ಚಿಂತಾಮಣಿ ತಾಲ್ಲೂಕು ಕಂಬಾಲಪಲ್ಲಿ, 2000ನೇ ಇಸವಿ ಮಾರ್ಚ್ 11. ಅವಾಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆ ಆಗಿರ್ಲಿಲ್ಲ, ಕೋಲಾರ ಜಿಲ್ಲೆನೇ. ಏಳು ಜನ ದಲಿತರನ್ನ ಮನೆಗೆ ಬೆಂಕಿ ಹಚ್ಚಿ ಸುಟ್ರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟಲ್ಲೂ ಅದೇ ಆಯ್ತು. ನಾನು ಅವಾಗ ಸ್ಕೂಲಲ್ಲಿದ್ದೆ. ನಮ್ಮಮ್ಮ ಅದಾದ್ಮೇಲೆ ಎಷ್ಟೋ ದಿನ ಒಳಗಿಂದ ಚಿಲಕ ಹಾಕ್ತಾನೇ ಇರ್ಲಿಲ್ಲ, ಬೇಸಿಗೆ ಸೆಕೆ ಅಂತ ಹೇಳ್ತಿದ್ಲು.

ಈಗ ನಿಮ್ ಕಡೆಯಿಂದ ಏನ್ ಉತ್ತರ ಬರುತ್ತೆ ಅಂತ ನನಗೆ ಗೊತ್ತು. ಭೂಮಿ ರಾಜ್ಯದ ವಿಷ್ಯ, ಪಾರ್ಲಿಮೆಂಟ್ ಏನ್ ಮಾಡೋಕಾಗುತ್ತೆ ಅಂತೀರ. ಸಂವಿಧಾನದ 253ನೇ ವಿಧಿ ತೆಗೆದು ನೋಡಿ ಸಾರ್, ಅಂತರರಾಷ್ಟ್ರೀಯ ಒಪ್ಪಂದ ಜಾರಿ ಮಾಡೋಕೆ ಪಾರ್ಲಿಮೆಂಟು ರಾಜ್ಯಪಟ್ಟಿ ವಿಷ್ಯದ ಮೇಲೂ ಕಾನೂನು ಮಾಡ್ಬಹುದು. 1986ರ ಪರಿಸರ ಕಾಯ್ದೆ ಸ್ಟಾಕ್‌ಹೋಮ್ ಸಮ್ಮೇಳನದ ಹೆಸರೇಳಿ ಮಾಡಿದ್ದೇ. 1979ರಲ್ಲಿ ಒಪ್ಪಿದ್ದಕ್ಕೆ ಇನ್ನೂ ಯಾಕೆ ಮಾಡಿಲ್ಲ?

ದುಡ್ಡೆಲ್ಲಿಂದ ಅಂತೀರ. ಆ 1966ರ ಒಡಂಬಡಿಕೇಲೇ ಇದೆ, ಇರೋ ಸಂಪನ್ಮೂಲದಲ್ಲಿ ಆದಷ್ಟು, ಹಂತ ಹಂತವಾಗಿ ಅಂತ. ನಾಳೆ ಬೆಳಗ್ಗೆನೇ ಎಲ್ರಿಗೂ ಮನೆ ಕೊಡಿ ಅಂತ ಯಾರೂ ಕೇಳ್ತಿಲ್ಲ. ಎಬ್ಬಿಸ್ಬೇಡಿ ಅನ್ನೋಕೆ ದುಡ್ಡು ಬೇಡ, ಜಾತಿ ಕೇಳ್ಬೇಡಿ ಅನ್ನೋಕೂ ಬೇಡ, ಅರ್ಜಿ ತಿರಸ್ಕಾರ ಮಾಡಿದ್ರೆ ಯಾಕೆ ಅಂತ ಒಂದು ಕಾಗದದಲ್ಲಿ ಬರೆದುಕೊಡೋಕೆ ಎಷ್ಟಾಗುತ್ತೆ, ಆ ಜೆರಾಕ್ಸ್ ಬೇಕಾದ್ರೆ ನಾನೇ ಫ್ರೀಯಾಗಿ ಮಾಡ್ಕೊಡ್ತೀನಿ.

ಕಾನೂನು ಮಾಡಿದ ಮಾತ್ರಕ್ಕೆ ಮನೆ ಬಂದ್ಬಿಡುತ್ತಾ ಅನ್ನೋ ಪ್ರಶ್ನೆ ಇದೆ, ಇದು ಮಾತ್ರ ನ್ಯಾಯವಾದ ಪ್ರಶ್ನೆ. ದಕ್ಷಿಣ ಆಫ್ರಿಕಾದವರ 1996ರ ಸಂವಿಧಾನ, 26ನೇ ವಿಧೀಲಿ ಮನೆ ಹಕ್ಕು ಅಂತ ನೇರವಾಗಿ ಬರೆದಿದಾರೆ, ಕೋರ್ಟ್ ಆರ್ಡರ್ ಇಲ್ದೆ ಯಾರ್ನೂ ಮನೆಯಿಂದ ಹೊರಗೆ ಹಾಕೋ ಹಂಗಿಲ್ಲ ಅಂತನೂ ಇದೆ. 2000ದಲ್ಲಿ ಐರೀನ್ ಗ್ರೂಟ್‌ಬೂಮ್ ಅನ್ನೋ ಹೆಣ್ಣುಮಗಳು ಕೇಸ್ ಗೆದ್ರು, ಪ್ರಪಂಚದ ಲಾ ಕಾಲೇಜಲ್ಲೆಲ್ಲ ಆ ಕೇಸು ಪಾಠ. ಆಯಮ್ಮ 2008ರಲ್ಲಿ ತೀರಿಹೋದಾಗ್ಲೂ ಗುಡಿಸಲಲ್ಲೇ ಇದ್ರು. ಇದನ್ನ ಮುಚ್ಚಿಟ್ಟು ನಿಮಗೆ ಪತ್ರ ಬರೆಯೋಕೆ ನನಗೆ ಇಷ್ಟ ಇಲ್ಲ. ಆದ್ರೆ ಅವ್ರು ಗೆದ್ದ ತೀರ್ಪು ಹಿಡ್ಕೊಂಡು ಅಲ್ಲಿ ಎಷ್ಟೋ ಜನ ಬುಲ್ಡೋಜರ್ ನಿಲ್ಲಿಸಿದಾರೆ. ಫ್ರಾನ್ಸಲ್ಲಿ 2007ರಲ್ಲಿ ಕಾನೂನು ಮಾಡಿದ್ರು, ಮನೆ ಸಿಗ್ಲಿಲ್ಲ ಅಂದ್ರೆ ಸರ್ಕಾರದ ಮೇಲೇ ಕೋರ್ಟಿಗೆ ಹೋಗ್ಬಹುದು. ಕೆನಡಾದವರು 2019ರಲ್ಲಿ, ನಾವು ಸೇರಿರೋ ಅದೇ ಒಡಂಬಡಿಕೆ ಹೆಸರು ಹಾಕಿ, ತಕ್ಕುದಾದ ಮನೆ ಮಾನವ ಹಕ್ಕು ಅಂತ ರಾಷ್ಟ್ರೀಯ ಕಾಯ್ದೇಲಿ ಬರೆದ್ರು. ಅಲ್ಲೂ ಮನೆ ಸಮಸ್ಯೆ ಮುಗಿದಿಲ್ಲ. ಆದ್ರೆ ಕೇಳೋಕೆ ಒಂದು ಬಾಗ್ಲು ಅಂತ ಆಯ್ತು.

ಅಷ್ಟು ದೂರ ಯಾಕೆ, ನಮ್ ರಾಜ್ಯದಲ್ಲೇ ಉಳುವವನೇ ಹೊಲದೊಡೆಯ ಅಂತ ಅರಸು ಕಾಲದಲ್ಲಿ 1974ರಲ್ಲಿ ಕಾನೂನು ಮಾಡಿದ್ರಲ್ಲ, ಅವತ್ತೂ ಆಗಲ್ಲ ಅಂದೋರೇ ಜಾಸ್ತಿ. ಆಮೇಲೆ ಕಾಗೋಡು ತಿಮ್ಮಪ್ಪನವರು ಕಂದಾಯ ಮಂತ್ರಿ ಆಗಿದ್ದಾಗ ವಾಸಿಸುವವನೇ ನೆಲದೊಡೆಯ ಅಂತ ತಿದ್ದುಪಡಿ ತಂದ್ರು, ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಿಗೆ. 2023ರ ಜನವರೀಲಿ ಮಳಖೇಡದಲ್ಲಿ ಪ್ರಧಾನಿಯವರೇ ಬಂದು ತಾಂಡಾದೋರಿಗೆ ಹಕ್ಕುಪತ್ರ ಕೊಟ್ರು. ಕಾಂಗ್ರೆಸ್ ತಂದ ಕಾನೂನಿನ ಪತ್ರ ಬಿಜೆಪಿಯೋರು ಹಂಚಿದ್ರು ಅಂತ ಟಿವೀಲಿ ಒಂದು ವಾರ ಕಿತ್ತಾಡಿದ್ರು, ಕಿತ್ತಾಡ್ಲಿ ಬಿಡಿ, ಪತ್ರ ಮಾತ್ರ ಜನರ ಟ್ರಂಕಲ್ಲಿದೆ.

ಹಂಗಾಗಿ ನನ್ ಕೋರಿಕೆ ಇದು. ಮಂತ್ರಿ ಅಲ್ದ ಎಂಪಿಗಳು ತರೋ ಮಸೂದೆ, ಖಾಸಗಿ ಸದಸ್ಯರ ಮಸೂದೆ ಅಂತ ಶುಕ್ರವಾರ ಮಧ್ಯಾಹ್ನ ತಗೋತಾರಲ್ಲ, ಅದ್ರಲ್ಲಿ ಇಬ್ರಲ್ಲಿ ಯಾರಾದ್ರೂ ಒಂದು ಮನೆ ಹಕ್ಕಿನ ಮಸೂದೆ ಮಂಡಿಸಿ. ಸ್ವಾತಂತ್ರ್ಯ ಬಂದಾಗಿಂದ ಅಂಥವು ಪಾಸಾಗಿರೋದು 14, ಕೊನೇದು 1970ರಲ್ಲಿ, ಗೊತ್ತು ನನಗೆ, ಅದಕ್ಕೇ ಪಾಸ್ ಮಾಡಿಸಿ ಅಂತ ಕೇಳ್ತಿಲ್ಲ, ಮಂಡಿಸಿ ಅಂತಿದೀನಿ. ಅದ್ರಲ್ಲಿ ಮನೆ ಅನ್ನೋದು ಹಕ್ಕು ಅಂತ ಮೊದಲ ಸಾಲಲ್ಲಿ ಬರ್ಲಿ. ಬೇರೆ ಜಾಗ, ಅದೂ ಕೆಲ್ಸಕ್ಕೆ ಹತ್ರ, ಕೊಡೋವರ್ಗೂ ಯಾರ್ನೂ ಎಬ್ಬಿಸಂಗಿಲ್ಲ ಅಂತ ಬರ್ಲಿ. ಜಾಗ ಇಲ್ದೋರಿಗೆ ಮೊದ್ಲು ಜಾಗ. ಅರ್ಜಿಗೆ ಇಂತಿಷ್ಟು ದಿನ, ಇಂಥ ಆಫೀಸರೇ ಉತ್ತರ ಕೊಡ್ಬೇಕು, ಇಲ್ಲ ಅಂದ್ರೆ ಯಾರ ಹತ್ರ ಹೋಗ್ಬೇಕು ಅಂತ ಇರ್ಲಿ. ಪತ್ರ ಮನೆ ಹೆಂಗಸಿನ ಹೆಸರಲ್ಲಿ ಇರ್ಲಿ, ಗಂಡಸ್ರ ಹೆಸರಲ್ಲಿ ಇದ್ರೆ ಅದು ಮೊದ್ಲು ಹೋಗೋದು ಬಡ್ಡಿಯೋರ ಹತ್ರ, ಇದು ಅಂಗ್ಡೀಲಿ ಕೂತು ನೋಡಿರೋ ಮಾತು. ಬಾಡಿಗೆಗೆ ಜಾತಿ ಧರ್ಮ ಕೇಳಿದ್ರೆ ದಂಡ. ಮತ್ತೆ ಗಾಳಿ ಬೆಳಕು ಜಾಗದ ಒಂದು ಕನಿಷ್ಠ ಲೆಕ್ಕ, ಹುಳದ್ಮನೆಗೆ ಇರೋದ್ರಲ್ಲಿ ಅರ್ಧ ಆದ್ರೂ.

ಕಳೆದ ಏಪ್ರಿಲ್‌ನಲ್ಲಿ ನಾನೊಂದು ತಲೆಹರಟೆ ಕೆಲ್ಸ ಮಾಡಿದೆ. ಆ ಹುಳದ್ಮನೆ ಓನರ್ರನ್ನ ಕೇಳಿ ಥರ್ಮಾಮೀಟರ್ ಒಂದಿನಕ್ಕೆ ಇಸ್ಕೊಂಡು ಅಜ್ಜಿ ಮನೆ ತಗಡಿಗೆ ದಾರ ಕಟ್ಟಿ ನೇತಾಕಿದೆ. ಮಧ್ಯಾಹ್ನ ಎರಡೂವರೆಗೆ 41. ಮೊಮ್ಮಗಳು ಹೋಮ್‌ವರ್ಕ್ ಬರೀತಾ ಕೂತಿದ್ಲು, ಬೆವರಿಗೆ ಪೆನ್ನು ಜಾರುತ್ತೆ ಅಂತ ಅದಕ್ಕೆ ಬಟ್ಟೆ ಚೂರು ಸುತ್ಕೊಂಡಿದ್ಲು. ಫೋಟೋ ತೆಗೆದಿಟ್ಕೊಂಡಿದೀನಿ, ನೀವು ಕೇಳಿದ್ರೆ ಕಳಿಸ್ತೀನಿ, ಇದಕ್ಕೂ ಜಿಪಿಎಸ್ ಇದೆ. ಸಂಜೆವರ್ಗೂ ಬಿಟ್ಟು ರಾತ್ರಿ ಎಷ್ಟಿರುತ್ತೆ ನೋಡೋಣ ಅಂತಿದ್ದೆ, ಅಜ್ಜಿ ಬಿಡ್ಲಿಲ್ಲ. ಅಲ್ಲಿ ಹುಳ ಮೂರನೇ ಜ್ವರದಿಂದ ಏಳೋ ಹೊತ್ತಾಯ್ತು, ಶಾಖ ನೋಡ್ಕೋಬೇಕು, ಬೇಗ ಕೊಟ್ಬಾ ನಾಯ್ನಾ ಅಂತ ಅವ್ರೇ ಬಿಚ್ಚಿ ಸೆರಗಲ್ಲಿ ಒರೆಸಿ ನನ್ ಕೈಗಿಟ್ರು.

ಇಂತಿ,
ಬಸ್‌ಸ್ಟ್ಯಾಂಡ್ ಹತ್ರದ ಜೆರಾಕ್ಸ್ ಅಂಗ್ಡಿಯೋನು,
ಶಿಡ್ಲಘಟ್ಟ